ಇರುಳಿನ ಕಳ್ಳನೂ ತೆರೆದ ಬಾಗಿಲೂ

ಕಳೆದ ಮಳೆಗಾಲದ ಒಂದು ಮುಂಜಾನೆ ನನ್ನ ಹಿತ್ತಿಲಿನ ಗೂಡಿನಲ್ಲಿ ಏಳು ಕೋಳಿಗಳು ಸತ್ತು ಬಿದ್ದಿದ್ದವು. ಎಂಟನೆಯದರ ಗರಿಗಳು ಮಾತ್ರ ಬೇಲಿಯವರೆಗೆ ಚೆದುರಿದ್ದವು. ಮುಂಬಯಿಯಂಥ ಮಹಾನಗರದಲ್ಲಿ ಶಾಲಾಮಾಸ್ತರನಿಗೆ ಕೋಳಿಯ ಗೊಡವೆ ಏಕೆಂದು ವಾಚಕರು ನಗಬಹುದು. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ತಗಡಿನ ಮಾಡಿನ ಸಾಲುಮನೆಗಳಲ್ಲಿ ವಾಸಿಸುವ ನಮಗೆ ಅಂಗೈಯಗಲದ ಹಿತ್ತಿಲುಂಟು. ಊರಿನಿಂದ ಹೊತ್ತು ತಂದ ಅಭ್ಯಾಸಗಳೂ ಉಂಟು.

ಅದೇ ವಾರ ನೆರೆಮನೆಯ ತಾಯಿಯೊಬ್ಬರ ಐದು ಕೋಳಿಗಳೂ ಹೋದವು. ಅವರ ಮಗ ನಮ್ಮ ಶಾಲೆಯ ಆರನೆಯ ತರಗತಿಯ ವಿದ್ಯಾರ್ಥಿ. ಮೊಟ್ಟೆ ಮಾರಿದ ಹಣದಿಂದಲೇ ಆತನ ಪುಸ್ತಕದ ವೆಚ್ಚ ಸಾಗುತ್ತಿತ್ತು. ಕೇರಿಯವರು ಕೆರಳಿದರು. ಚಿರತೆಯೇ ಬಂದಿರಬೇಕೆಂದು ನಿರ್ಧರಿಸಿ, ಮಾಂಸದ ತುಣುಕುಗಳಿಗೆ ವಿಷ ಬೆರೆಸಿ ಬೇಲಿಯ ಬಳಿ ಇಟ್ಟರು. ಬೆಳಗಾಗುವಾಗ ಸತ್ತು ಬಿದ್ದುದು ಒಂದು ಬೀದಿನಾಯಿ, ಎರಡು ಕಾಗೆ. ಅದು ಮಕ್ಕಳು ಬರಿಗಾಲಿನಲ್ಲಿ ಆಡುವ ಜಾಗ. “ಮಾಸ್ತರರೇ, ನಮ್ಮ ಕೋಳಿ ತಿಂದದ್ದು ಈ ನಾಯಿಯೇ?” ಎಂದು ಆ ಹುಡುಗ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ವಿಷ ಬೆರೆಸುವಾಗ ನಾನೂ ಅಲ್ಲಿಯೇ ನಿಂತಿದ್ದೆ, ಬೇಡವೆನ್ನಲಿಲ್ಲ. ಆ ಲಜ್ಜೆಯೇ ಈ ಲೇಖನವನ್ನು ಬರೆಸುತ್ತಿದೆ.

ವಿಷವಿಡುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನೂ ಬೇಟೆಯೆಂದೇ ಎಣಿಸುತ್ತದೆ. ಆದರೆ ಕಾಯಿದೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಕಳ್ಳ ಯಾರು ಎಂಬುದು. ನನ್ನ ಗೂಡಿನಲ್ಲಿ ನಡೆದುದು ಪುನುಗು ಬೆಕ್ಕಿನ ಕೆಲಸವೆಂದೇ ನನ್ನ ಊಹೆ. ಕತ್ತಲೆಯಲ್ಲಿ ಕೋಳಿಗೆ ಕಣ್ಣು ಕಾಣುವುದು ಅತ್ಯಲ್ಪ, ಕುಳಿತಲ್ಲಿಯೇ ಕುಳಿತಿರುತ್ತದೆ. ತಪ್ಪಿಸಿಕೊಳ್ಳಲಾರದ ಹಕ್ಕಿಗಳು ಇಕ್ಕಟ್ಟಿನಲ್ಲಿ ಗಾಬರಿಯಿಂದ ಪಟಪಟಿಸಿದರೆ, ಒಳಹೊಕ್ಕ ಪ್ರಾಣಿ ತಿನ್ನಲಾರದಷ್ಟನ್ನು ಕೊಲ್ಲುವುದುಂಟು. ನಾವು ಅದನ್ನು ಕ್ರೌರ್ಯವೆನ್ನುತ್ತೇವೆ. ಉಳಿದ ದಿನಗಳಲ್ಲಿ ಅದೇ ಪುನುಗು ನಮ್ಮ ಇಲಿ ಹೆಗ್ಗಣಗಳನ್ನು ಹಿಡಿಯುತ್ತಿದ್ದುದನ್ನು ಯಾರೂ ಲೆಕ್ಕವಿಟ್ಟಿಲ್ಲ.

ಚಿರತೆಯೂ ಇಲ್ಲಿ ಇಲ್ಲವೆಂದಲ್ಲ. ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಆ ಕಾಡಿನ ಚಿರತೆಗಳ ಆಹಾರದಲ್ಲಿ ಬೀದಿನಾಯಿಗೆ ದೊಡ್ಡ ಪಾಲಿದೆ. ನಾಯಿಗಳನ್ನು ಸಾಕುತ್ತಿರುವುದು ನಾವು ಚೆಲ್ಲುವ ಕಸ. ಗೂಡಿನ ಸುತ್ತ ಚೆಲ್ಲಿದ ನುಚ್ಚಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಔತಣವಿಟ್ಟವರು ನಾವೇ ಅಲ್ಲವೇ?

ಹೀಗೆಂದು, ಎತ್ತರದ ಮಹಡಿಯಲ್ಲಿ ಕುಳಿತು ಜೀವದಯೆಯನ್ನು ಬೋಧಿಸುವವರ ಪಕ್ಷ ನಾನು ವಹಿಸುತ್ತಿಲ್ಲ. ಅವರ ಒಂದು ಕೋಳಿಯೂ ಹೋಗಿಲ್ಲ. ಆರೆ ಕಾಲೊನಿಯ ಪಾಡಾಗಳಲ್ಲಿ ವಾಸಿಸುವ ವಾರ್ಲಿ ಜನರ ಮಾತು ಬೇರೆ. ಅವರೂ ಕೋಳಿ ಸಾಕುವವರು, ಕಳೆದುಕೊಳ್ಳುವವರು. ಆದರೂ ವಾಘೋಬನನ್ನು ದೇವರೆಂದು ಪೂಜಿಸುತ್ತಾರೆ. ಆ ಭಕ್ತಿ ನನಗೆ ಬಂದೀತೆಂದು ಹೇಳಲಾರೆ. ಆದರೆ ಕಾಡಿನ ಮಗ್ಗುಲಲ್ಲಿ ಬದುಕುವ ಮಾತನ್ನು ನಾನು ಕೇಳುವುದಾದರೆ ಅವರಿಂದ ಕೇಳುವೆನು.

ದಕ್ಷಿಣ ಕನ್ನಡದ ನಮ್ಮ ಮನೆಯಲ್ಲಿ ಮುಸ್ಸಂಜೆ ಕೋಳಿಗಳನ್ನು ಎಣಿಸಿ, ಗೂಡಿಗೆ ಅಗಳಿ ಹಾಕಿದ ಮೇಲೆಯೇ ತಾಯಿ ದೇವರಿಗೆ ದೀಪ ಹಚ್ಚುತ್ತಿದ್ದರು. ಆ ರಾತ್ರಿ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತ ನಾನು ಅಗಳಿಯನ್ನೇ ಮರೆತಿದ್ದೆ. ಪುನುಗು ಬಾಗಿಲು ಮುರಿಯಲಿಲ್ಲ, ತೆರೆದ ಬಾಗಿಲಿನಿಂದ ಬಂದಿತು.

ಈಗ ಎರಡೂ ಗೂಡುಗಳನ್ನು ಹೊಸದಾಗಿ ಕಟ್ಟಿದ್ದೇವೆ. ಮೂರು ಭಾನುವಾರಗಳು ಹಿಡಿದವು. ಸಾಮಾನ್ಯ ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಕಳ್ಳನನ್ನು ಹೊರಗಿಡದು. ಆದುದರಿಂದ ಅರ್ಧ ಅಂಗುಲ ಕಣ್ಣಿನ ಗಟ್ಟಿ ಕಬ್ಬಿಣದ ಬಲೆಯನ್ನು ಹಾಕಿ, ಅದರ ಅಂಚನ್ನು ಒಂದು ಅಡಿ ಮಣ್ಣಿನೊಳಗೆ ಹೂಳಿದೆವು. ಮಾಡಿನ ಸಂದುಗಳನ್ನೂ ಮುಚ್ಚಿದೆವು. ನೆಲಕ್ಕೆ ಬಿದ್ದ ಕಾಳನ್ನು ಸಂಜೆಗೆ ಮುಂಚೆ ಗುಡಿಸುವ ಕೆಲಸ ನನ್ನದು. ಅಗಳಿಯ ಕೆಲಸ ಆ ಹುಡುಗನದು. ಹಾಕಿದ ಮೇಲೆ ಎರಡು ಸಲ ಎಳೆದು ನೋಡುತ್ತಾನೆ. ಮೊನ್ನೆ ರಾತ್ರಿ ತಗಡಿನ ಮೇಲೆ ಏನೋ ಮೆಲ್ಲನೆ ನಡೆದ ಸಪ್ಪಳವಾಯಿತು. ಬೆಳಿಗ್ಗೆ ಎಣಿಸಿದೆವು. ಅವರ ನಾಲ್ಕೂ ಇದ್ದವು, ನನ್ನ ಮೂರೂ ಇದ್ದವು.