ಭೀಮೆಯ ಮೀನು, ದಲ್ಲಾಳಿಯ ಬರ್ಫ

ಕಳೆದ ವಾರ ಜೇವರ್ಗಿಯಲ್ಲಿ ಸಭೆ ಮುಗಿಸಿಕೊಂಡು ಕಲಬುರ್ಗಿಗೆ ಮರಳುವಾಗ, ಕಟ್ಟಿ ಸಂಗಾವಿಯ ಸೇತುವೆಯ ಬಳಿ ಇಳಿದು, ರಸ್ತೆ ಬದಿಯ ಒಂದು ತಗಡಿನ ಅಂಗಡಿಯಲ್ಲಿ ಮೀನು ತಿಂದೆವು. ಜೊತೆಗೆ ಬೇಳೆ ಗಿರಣಿಯ ಇಬ್ಬರು ಹಮಾಲ ಸಂಗಾತಿಗಳಿದ್ದರು. ಪತ್ರಿಕೆಯಲ್ಲಿ ಊಟದ ಮಾತೇಕೆಂದು ಕೆಲವು ಓದುಗರು ಹುಬ್ಬೇರಿಸಬಹುದು. ಹೊಟ್ಟೆಯ ಮಾತನ್ನು ಬಿಟ್ಟು ನಾವು ಆಡಬೇಕಾದ ಬೇರೆ ಮಾತು ಯಾವುದಿದೆ?

ಅಲ್ಲಿ ಕುರ್ಚಿ ಮೇಜುಗಳ ಉಪಚಾರವಿಲ್ಲ. ಮುಂದೆ ಒಂದು ಹಲಗೆ, ಹಿಂದೆ ಬಾಣಲೆ. ಹಣ ಮೊದಲು, ಮೀನು ಆಮೇಲೆ. ರೋಹು, ಕಾಟ್ಲಾ, ಜಿಲೇಬಿ ಇವುಗಳಲ್ಲಿ ಬೇಕಾದುದಕ್ಕೆ ಬೆರಳು ತೋರಿದರೆ ತೂಗಿ, ತುಂಡು ಮಾಡಿ, ಉಪ್ಪು ಖಾರ ಅರಿಷಿಣ ಬೆಳ್ಳುಳ್ಳಿ ಸವರಿ ಎಣ್ಣೆಗೆ ಬಿಡುತ್ತಾರೆ. ಹೊಗೆಗೆ ಕಣ್ಣು ಉರಿಯುತ್ತದೆ, ಆದರೂ ಯಾರೂ ದೂರ ಸರಿಯುವುದಿಲ್ಲ. ಕಟಕ ರೊಟ್ಟಿಯ ಮೇಲೆ ಬಿಸಿ ತುಂಡು, ಉಳ್ಳಾಗಡ್ಡಿ, ಅರ್ಧ ಲಿಂಬೆ. ದಿನವೆಲ್ಲ ಮೂಟೆ ಹೊತ್ತವನಿಗೆ ಇದಕ್ಕಿಂತ ಹೆಚ್ಚಿನ ಔತಣ ಬೇಡ. ಜಿಲೇಬಿ ಮೀನು ಮೂಲತಃ ಆಫ್ರಿಕದ್ದು, 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು. ರೋಹು ಕಾಟ್ಲಾಗಳು ಗಂಗೆಯ ಕಡೆಯವು. ಭೀಮೆ ಯಾರ ಜಾತಿಯನ್ನೂ ಕೇಳಲಿಲ್ಲ.

ಹಲಗೆಯ ಮುಂದೆಯೂ ಹಾಗೆಯೇ. ಹಮಾಲ, ಲಾರಿ ಚಾಲಕ, ಕಿರಾಣಿ ಅಂಗಡಿಯವ ಒಂದೇ ಸಾಲಿನಲ್ಲಿ ನಿಂತು ತಿನ್ನುತ್ತಿದ್ದರು. ರಸ್ತೆಗೆ ಬೆನ್ನು ಹಾಕಿ, ಮುಖಕ್ಕೆ ವಸ್ತ್ರ ಎಳೆದುಕೊಂಡು ತಿನ್ನುತ್ತಿದ್ದ ಒಬ್ಬಿಬ್ಬರು ಗಣ್ಯರೂ ಇದ್ದರು. ಅವರ ಗುರುತು ನಮಗೆ ಸಿಕ್ಕಿತು, ಇಲ್ಲಿ ಬರೆಯುವುದಿಲ್ಲ.

ನಾವು ನಿಂತಿದ್ದಾಗಲೇ ಮೀನು ತಂದ ಒಬ್ಬ ಮುದುಕ ಬುಟ್ಟಿ ಇಳಿಸಿ ಬದಿಗೆ ಕುಳಿತ. ಅಂಬಿಗರ ಚೌಡಯ್ಯನ ಹೆಸರು ಹೇಳಿ ಬಲೆ ಬೀಸುವ ಜನ. ದಂಡೆಯ ಮೇಲೆ ಕಿಲೋಕ್ಕೆ ಏನು ದೊರೆಯುತ್ತದೆಂದು ಕೇಳಿದೆವು. ಆತ ಹೇಳಿದ ಮೊತ್ತ, ನಮ್ಮ ಕೈಯಲ್ಲಿದ್ದ ಎರಡು ತುಂಡುಗಳ ಬೆಲೆ!

ಅಂಗಡಿಯವನೇ ಕಳ್ಳನೆಂದು ಹಮಾಲ ಸಂಗಾತಿ ಸಿಟ್ಟಾದ. ಅದು ಪೂರ್ತಿ ನಿಜವಲ್ಲ. ಎಣ್ಣೆ, ಕಟ್ಟಿಗೆ, ಜಾಗದ ಬಾಡಿಗೆ, ಇವುಗಳ ನಡುವೆ ಅವನೂ ಏದುಸಿರು ಬಿಡುವ ಸಣ್ಣ ವ್ಯಾಪಾರಿಯೇ. ಗುಟ್ಟಿರುವುದು ಬರ್ಫದಲ್ಲಿ. ನಸುಕಿನಲ್ಲಿ ಹಿಡಿದ ಮೀನು ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನದ ತನಕ ತಡೆಯದು. ಬರ್ಫ ದಲ್ಲಾಳಿಯ ಕೈಯಲ್ಲಿದೆ, ತಕ್ಕಡಿಯೂ ಅವನದೇ. ಬಲೆ ಕೊಳ್ಳಲು ಮುಂಗಡ ಕೊಟ್ಟವನೂ ಅವನೇ. ಹತ್ತು ಗಂಟೆಯಾದ ಮೇಲೆ ಅಂಬಿಗ ಬೆಲೆ ಹೇಳುವುದಿಲ್ಲ, ಕೇಳಿಸಿಕೊಳ್ಳುತ್ತಾನೆ. ಆಳಂದದ ಅಮರ್ಜಾ ಜಲಾಶಯದಿಂದ ಹಿಡಿದು, ಆ ನದಿ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುವ ತನಕ ನಾವು ಕೇಳಿದ ಕಥೆ ಇದೊಂದೇ. ಕೆರೆಗಳ ಗುತ್ತಿಗೆ ಸಹಕಾರ ಸಂಘದ ಹೆಸರಿನಲ್ಲಿದ್ದರೂ ಎಷ್ಟೋ ಕಡೆ ಹಣ ಹೂಡಿ ಲಾಭ ಎತ್ತುವವನು ದಂಡೆಗೆ ಕಾಲಿಡದವನು.

ಇನ್ನು ನೀರು. ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಅಣೆಕಟ್ಟು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳನ್ನು ಮುಳುಗಿಸಿದಳು. 2024ರ ಬೇಸಿಗೆಯಲ್ಲಿ ಅದೇ ಅಫಜಲಪುರದಲ್ಲಿ ನದಿಗೆ ನೀರು ಬಿಡಿಸಿರೆಂದು ಉಪವಾಸ ಕುಳಿತರು. ಕಬ್ಬಿನವನ ನಷ್ಟವನ್ನು ತಹಶೀಲ್ದಾರರು ಬರೆದುಕೊಂಡಾರು. ಬತ್ತಿದ ಮಡುವಿನಲ್ಲಿ ಸತ್ತ ಮೀನಿಗೆ ಯಾವ ಪಂಚನಾಮೆ?

ತಿನ್ನುವ ನಮ್ಮದೂ ತಪ್ಪಿದೆ. ರೋಹು ಕಾಟ್ಲಾಗಳು ಮೊಟ್ಟೆಯಿಡುವುದು ಮಳೆಗಾಲದ ಹೊಸ ನೀರಿನಲ್ಲಿ. ಆಷಾಢದಲ್ಲಿ ಮೊಟ್ಟೆ ಮೀನೇ ಬೇಕೆಂದು ಹಟ ಹಿಡಿದು ಕೊಳ್ಳುತ್ತೇವೆ. ಶ್ರಾವಣ ಹಿಡಿಯುವ ನಮ್ಮ ತಾಯಂದಿರು ತಿಳಿದೋ ತಿಳಿಯದೆಯೋ ಒಂದು ತಿಂಗಳು ಮೀನಿಗೆ ಜೀವದಾನ ಮಾಡುತ್ತಿದ್ದಾರೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಅಫಜಲಪುರದಲ್ಲೊಂದು, ಜೇವರ್ಗಿಯಲ್ಲೊಂದು ಬರ್ಫದ ಯಂತ್ರ ಮೀನುಗಾರರ ಸಂಘದ ಕೈಗೆ ಬರಲಿ. ತಕ್ಕಡಿಯೂ ಅವರದಾಗಲಿ. ಸಾಧ್ಯವಾದರೆ ಸೇತುವೆಯ ಬಳಿ ಸಂಘದ್ದೇ ಒಂದು ಬಾಣಲೆ. ಇದನ್ನು ಹೇಳಿದಾಗ ಮುದುಕ ನಕ್ಕು, ಮೊದಲು ತನ್ನ ಮುಂಗಡ ತೀರಿಸುವವರು ಯಾರೆಂದು ಕೇಳಿದ. ಅದಕ್ಕೆ ನಮ್ಮಲ್ಲಿ ಆಗ ಉತ್ತರವಿರಲಿಲ್ಲ. ಬರುವ ತಿಂಗಳ ಅಫಜಲಪುರದ ಸಭೆಗೆ ಆತನನ್ನು ಕರೆದಿದ್ದೇವೆ. ಮಧ್ಯಾಹ್ನದ ಮೇಲೆ ಇಟ್ಟರೆ ಬರುತ್ತೇನೆಂದಿದ್ದಾನೆ, ನಸುಕಿನಲ್ಲಿ ಬಲೆ ಇರುತ್ತದೆ.