ಕಸೂತಿಯಲ್ಲಿ ಸ್ವಂತ ರುಚಿ

ಗೋಪುರದ ಬದಲು ಲೋಕಲ್ ರೈಲನ್ನು ಮೂಡಿಸಿದರೆ ಅದು ಕಸೂತಿಯಾದೀತೇ? ಚೆಂಬೂರಿನಲ್ಲಿ ಸೂಜಿ ಹಿಡಿದ ಕನ್ನಡ ಗೃಹಿಣಿಗೆ ಹಿರಿಯರಿಂದ ಇಂಥ ಆಕ್ಷೇಪ ಬರಬಹುದು. ಆದರೆ ಧಾರವಾಡ ಸೀಮೆಯ ಹೆಂಗಳೆಯರು ಇಳಕಲ್ ಸೀರೆಯ ಮೇಲೆ ತೆಗೆದುದಾದರೂ ಏನು? ತಮ್ಮ ಸುತ್ತ ಕಂಡ ತುಳಸಿಕಟ್ಟೆ, ತೊಟ್ಟಿಲು, ತೇರು, ನವಿಲುಗಳನ್ನೇ. ಚೆಂಬೂರಿನವಳ ಕಣ್ಣೆದುರು ಓಡುವುದು ಹಾರ್ಬರ್ ಮಾರ್ಗದ ರೈಲು. ಚಿತ್ರವೂ ಬಣ್ಣವೂ ಅವರವರ ಇಷ್ಟ. ಸೀರೆಯೇ ಆಗಬೇಕೆಂದಿಲ್ಲ, ದಿಂಬಿನ ಚೀಲವೂ ಆದೀತು.

ಎಣಿಕೆಯನ್ನು ಮಾತ್ರ ಸಡಿಲಿಸಬಾರದು. ಕಸೂತಿಗೆ ಗೆರೆ ಬರೆದುಕೊಳ್ಳುವ ವಾಡಿಕೆಯಿಲ್ಲ. ಬಟ್ಟೆಯ ಎಳೆಗಳನ್ನೆಣಿಸಿಯೇ ಸೂಜಿ ನಡೆಯಬೇಕು. ಗವಂತಿಯಲ್ಲಿ ದಾರವು ಹೋಗುವಾಗ ಬಿಟ್ಟ ತೆರಪನ್ನು ಮರಳುವಾಗ ತುಂಬುತ್ತದೆ. ಗಂಟಿಲ್ಲದೆ ಎರಡೂ ಮಗ್ಗುಲಲ್ಲಿ ಒಂದೇ ರೂಪ. ಮುರಗಿಯೂ ಹಾಗೆಯೇ, ಮೆಟ್ಟಿಲು ಮೆಟ್ಟಿಲಾಗಿ. ಅಚ್ಚು ಹೊಡೆದ ಬಟ್ಟೆ ತಂದು, ಅದರ ಗುಲಾಬಿಗೆ ಹೇಳಿದ ಬಣ್ಣವನ್ನೇ ತುಂಬುವವರು (ಪಾಪ, ಅಚ್ಚುಕಟ್ಟಾಗಿಯೇ ತುಂಬುತ್ತಾರೆ) ಎಣಿಕೆಯನ್ನೂ ಕಲಿಯಲಿಲ್ಲ, ಸ್ವಂತ ರುಚಿಗೂ ಎಡೆಗೊಡಲಿಲ್ಲ.

40 ದಾಟಿ ಹತ್ತಿರದ ನೋಟ ಮಂಜಾದವರು ಎಳೆ ಎಣಿಸಲಾರೆವೆಂದು ಕೈಬಿಡಬೇಕಾಗಿಲ್ಲ. ಸರಿಯಾದ ಕನ್ನಡಕ ಧರಿಸಿ, ಚೌಕಗಳು ಎದ್ದುಕಾಣುವ ಮ್ಯಾಟಿ ಬಟ್ಟೆಯನ್ನು ಆರಿಸಿಕೊಳ್ಳಲಿ. ಅದರ ಮೇಲೆ ಮೆಂತೆ, ಎಂದರೆ ಅಡ್ಡಹೊಲಿಗೆ, ಸುಲಭ. ದಾರ ಮಾತ್ರ ಹೆಚ್ಚು ಬೇಕು. ಹಗಲು ಬೆಳಕಿನಲ್ಲಿ ಕುಳಿತು, ನಡುನಡುವೆ ಕತ್ತೆತ್ತಿ ಕಿಟಕಿಯಾಚೆ ದೂರ ನೋಡುವುದು ಲೇಸು.