ಬೂಷ್ಟು ಹಿಡಿದ ಕೋಣೆಯೂ ಮಾಣಿಯ ಊಟವೂ

ಪುಣೆ–ಅಹಿಲ್ಯಾನಗರ ಹೆದ್ದಾರಿಯಲ್ಲಿ, ಘೋಡ ನದಿಯ ದಡದಲ್ಲಿರುವ ಶಿರೂರು ನಮ್ಮ ಬೈಂದೂರು ಸೀಮೆಯ ಶಿರೂರಿನಂತೆ ಮಳೆಯಲ್ಲಿ ಮೀಯುವ ಊರಲ್ಲ. ಆದರೆ ಬೂಷ್ಟಿಗೆ ಮುಗಿಲಿನ ಹಂಗಿಲ್ಲ. ಅಡುಗೆಮನೆಯ ಹಬೆ, ಹಗ್ಗದ ಮೇಲೆ ಒಣಗದ ಬಟ್ಟೆ, ಸೋರುವ ನಳ, ಕಿಟಕಿಯಿಲ್ಲದ ಅಟ್ಟ, ಇವಿಷ್ಟು ಕೂಡಿದರೆ ಗೋಡೆ ಕಪ್ಪಾಗಲು ಕೆಲವೇ ದಿನ ಸಾಕು. ಮಾಣಿಗಳು ಒತ್ತೊತ್ತಾಗಿ ಮಲಗುವ ಹೋಟೆಲಿನ ಕೋಣೆಗೂ ಗುಮಾಸ್ತರ ಬಾಡಿಗೆಯ ಖೋಲಿಗೂ ಈ ಮಾತು ಸಮನಾಗಿ ಸಲ್ಲುತ್ತದೆ.

ಇಂಥ ಕೋಣೆಯಲ್ಲಿ ವಾಸಿಸಿ ಕೆಮ್ಮು, ಸೀನು, ಉಬ್ಬಸಗಳಿಂದ ಬಳಲಿದವರು ಕೇಳುವುದು, ‘ಏನು ತಿಂದರೆ ಈ ನಂಜು ಇಳಿದೀತು?’ ಎಂದು. ಈ ಪ್ರಶ್ನೆಯನ್ನೇ ಬಂಡವಾಳವಾಗಿಸಿಕೊಂಡು ಟಾನಿಕ್ಕು, ಪುಡಿ, ಗುಳಿಗೆಗಳನ್ನು ಮಾರುವವರೂ ಇದ್ದಾರೆ. ನಾವು ನೇರವಾಗಿ ಹೇಳುತ್ತೇವೆ: ಉಸಿರಿನೊಡನೆ ಒಳಹೊಕ್ಕ ಬೂಷ್ಟಿನ ಬಾಧೆಯನ್ನು ತೊಳೆದುಹಾಕುವ ಆಹಾರವಾಗಲಿ ಗುಳಿಗೆಯಾಗಲಿ ಇದೆಯೆಂಬುದಕ್ಕೆ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಒತ್ತುಕೊಟ್ಟಿರುವುದೂ ತೇವವನ್ನು ತಡೆಯುವುದಕ್ಕೇ. ಸೋರಿಕೆಯನ್ನು ನಿಲ್ಲಿಸದೆ ಸುಣ್ಣ ಬಳಿಯುವುದೆಂದರೆ ರೋಗಿಗೆ ಮಡಿ ಪಂಚೆ ಉಡಿಸಿ ಗುಣವಾಯಿತೆಂದಂತೆ.

ಹಾಗೆಂದು ಆಹಾರಕ್ಕೆ ಬೆಲೆಯಿಲ್ಲವೆಂದಲ್ಲ. ಕೋಣೆ ಒಣಗಿದ ಮೇಲೆ ಬಳಲಿದ ದೇಹವು ಕಸುವು ಕೂಡಿಸಿಕೊಳ್ಳಬೇಕಾದುದು ಊಟದಿಂದಲೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ 65 ಕಿಲೋ ತೂಕದ ಪುರುಷನಿಗೆ ದಿನಕ್ಕೆ 54 ಗ್ರಾಂ ಪ್ರೋಟೀನು ಬೇಕು. ನೂರಾರು ಜನರಿಗೆ ಬಡಿಸಿ, ತಾನು ಅಪರಾಹ್ನ ಮೂರು ಗಂಟೆಗೆ ಉಳಿದ ಅನ್ನಕ್ಕೆ ತಿಳಿಸಾರು ಸುರಿದುಕೊಂಡು, ನಡುನಡುವೆ ಚಹಾ ಕುಡಿದು ದಿನ ನೂಕುವ ಮಾಣಿಗೆ ಅದು ಎಲ್ಲಿಂದ ದೊರೆಯಬೇಕು? ದುಬಾರಿ ಪದಾರ್ಥಗಳು ಬೇಡ. ಕುಚ್ಚಲಕ್ಕಿಯ ಗಂಜಿ, ಹೆಸರುಕಾಳಿನ ಪಲ್ಯ, ಹುರುಳಿಯ ಸಾರು, ಮೊಸರು, ತಿನ್ನುವವರಿಗೆ ಮೊಟ್ಟೆ ಅಥವಾ ಮೀನು. ಜೊತೆಗೆ ಪೇಟೆಯಲ್ಲಿ ಸಿಗುವ ಮೆಂತ್ಯಸೊಪ್ಪು, ಪೇರಳೆ, ನೆಲ್ಲಿಕಾಯಿಗಳು ಸಾಕು. ಚಟ್ನಿಯ ನೆಲಗಡಲೆಗೆ ಬೂಷ್ಟು ಹಿಡಿದಿದ್ದರೆ ಮಾತ್ರ ನಿರ್ದಾಕ್ಷಿಣ್ಯವಾಗಿ ಎಸೆಯಬೇಕು. ಅದರ ವಿಷವು ಹುರಿದರೂ ಪೂರ್ಣವಾಗಿ ಅಳಿಯುವುದಿಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. ಎರಡು ವಾರ ಮೀರಿದ ಕೆಮ್ಮಿನ ತಪ್ಪನ್ನು ಗೋಡೆಯ ಮೇಲೆ ಹೊರಿಸಿ ಸುಮ್ಮನಿರಬಾರದು. ಸರಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ. ಆ ರೋಗದ ವಿಷಯದಲ್ಲಿ ಊಟದ ಮಹತ್ವವು ಪ್ರಯೋಗದಿಂದಲೇ ಸಿದ್ಧವಾಗಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಝಾರ್ಖಂಡದಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ರೋಗಿಯ ಮನೆಯವರಿಗೆ ಅಕ್ಕಿಬೇಳೆಗಳನ್ನು ಒದಗಿಸಿದಾಗ ಅವರಿಗೆ ಹೊಸದಾಗಿ ಕ್ಷಯ ತಗಲುವುದು ಸುಮಾರು ಶೇಕಡಾ 40ರಷ್ಟು ಕಡಮೆಯಾಯಿತು. ಒಂದೇ ಕೋಣೆಯಲ್ಲಿ ಮಲಗುವ ನೌಕರರೂ ಒಂದು ಮನೆಯವರಂತೆಯೇ ಅಲ್ಲವೆ?

ನಾವೂ ಗಲ್ಲಾದ ಹಿಂದೆ ಕುಳಿತವರು. ಬಾಡಿಗೆ, ಗ್ಯಾಸು, ಬೇಳೆಗಳ ದರ ನಮಗೆ ತಿಳಿಯದ್ದಲ್ಲ. ಆದರೂ ಧಣಿಗಳಲ್ಲಿ ನಮ್ಮ ವಿನಂತಿ ಮೂರೇ: ಸೋರುವ ನಳವನ್ನು ಸರಿಪಡಿಸಿರಿ, ಮಲಗುವ ಕೋಣೆಗೆ ಕಿಟಕಿಯನ್ನೋ ಹಬೆಯನ್ನು ಹೊರದೂಡುವ ಫ್ಯಾನನ್ನೋ ಹಾಕಿಸಿರಿ, ಮಧ್ಯಾಹ್ನದ ಗಿರಾಕಿಗಳು ಬರುವ ಮೊದಲೇ ನೌಕರರಿಗೆ ಬೇಳೆ, ಪಲ್ಯಗಳೊಡನೆ ಹೊಟ್ಟೆ ತುಂಬ ಬಡಿಸಿರಿ. ನೌಕರ ಬಂಧುಗಳೂ ಕೆಲಸ ಹೋದೀತೆಂದು ಕೆಮ್ಮನ್ನು ಮುಚ್ಚಿಡಬಾರದು. ಉಬ್ಬಸವುಳ್ಳವರು ಬೂಷ್ಟಿನ ಗೋಡೆಯನ್ನು ತಾವೇ ಉಜ್ಜಲು ಹೋಗಬಾರದು. ಊರೂರಿನ ಜನಕ್ಕೆ ಅನ್ನ ನೀಡಿ ಹೆಸರು ಗಳಿಸಿದ ಉದ್ಯಮವು ತನ್ನ ಮಾಣಿಗೆ ಒಣ ಹಾಸಿಗೆಯನ್ನೂ ಹೊತ್ತಿಗೆ ಸರಿಯಾದ ಊಟವನ್ನೂ ಕೊಡಲಾರದೆಂದರೆ ಯಾರೂ ಒಪ್ಪುವ ಮಾತಲ್ಲ.